ಫರ್ಡಿನಾಂಡ್ ಫಾನ್ ಹೆಬ್ರಾ

ಫರ್ಡಿನಾಂಡ್ ಫಾನ್ ಹೆಬ್ರಾ (7 ಸೆಪ್ಟೆಂಬರ್ 1816 – 5 ಆಗಸ್ಟ್ 1880) ಆಸ್ಟ್ರಿಯಾ ದೇಶದ ವೈದ್ಯರು. ಚರ್ಮರೋಗಶಾಸ್ತ್ರವನ್ನು ವೈದ್ಯವಿಜ್ಞಾನದ ಒಂದು ಸ್ವತಂತ್ರ ಶಾಖೆಯಾಗಿ ರೂಪಿಸಿದವರಲ್ಲಿ ಪ್ರಮುಖರು. ಕಜ್ಜಿಯು ದೇಹದ ಒಳಗಿನ ರಕ್ತದೋಷದಿಂದ ಹುಟ್ಟುವ ರೋಗವಲ್ಲ, ಚರ್ಮದ ಮೇಲ್ಪದರದಲ್ಲಿ ಬಿಲ ತೋಡಿ ವಾಸಿಸುವ ಅತಿಸೂಕ್ಷ್ಮವಾದ ನುಸಿಯಿಂದ ಮಾತ್ರ ಬರುವ ಅಂಟುರೋಗ ಎಂಬುದನ್ನು ಪ್ರಯೋಗಗಳ ಮೂಲಕ ಸ್ಥಾಪಿಸಿ, ವೈದ್ಯಲೋಕ ಅದನ್ನು ಒಪ್ಪುವಂತೆ ಮಾಡಿದ್ದು ಅವರ ಆರಂಭದ ಹಾಗೂ ಬಹುಶಃ ಅತ್ಯಂತ ಉಪಯುಕ್ತವಾದ ಸಾಧನೆ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಹೊಸ ವಿಯೆನ್ನಾ ವೈದ್ಯಪರಂಪರೆಯ ಸ್ತಂಭಗಳಲ್ಲಿ ಒಬ್ಬರೆಂದು ಗಣಿಸಲ್ಪಟ್ಟಿದ್ದಾರೆ. ಹೆರಿಗೆ ಜ್ವರದ ಕಾರಣವನ್ನು ಕಂಡುಹಿಡಿದ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ಬದುಕಿನಲ್ಲಿ ಎರಡು ಬಾರಿ, ಒಮ್ಮೆ ಬೆಂಬಲಿಗನಾಗಿ ಮತ್ತೊಮ್ಮೆ ಅತ್ಯಂತ ನೋವಿನ ಸಂದರ್ಭದಲ್ಲಿ, ಕಾಣಿಸಿಕೊಳ್ಳುವ ಹೆಸರೂ ಇವರದೇ.

ಜನನ ಮತ್ತು ವಿದ್ಯಾಭ್ಯಾಸ

ಹೆಬ್ರಾ ಅವರು ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾ ಪ್ರಾಂತದ ಬ್ರುನ್ ನಗರದಲ್ಲಿ ಜನಿಸಿದರು. ಈ ನಗರವು ಈಗ ಚೆಕ್ ಗಣರಾಜ್ಯದಲ್ಲಿದ್ದು ಬ್ರನೊ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ 1841ರಲ್ಲಿ ಪದವಿ ಪಡೆದರು.

ಆ ಕಾಲದ ವಿಯೆನ್ನಾದಲ್ಲಿ ಇಬ್ಬರು ಗುರುಗಳ ಪ್ರಭಾವ ಬಹು ದೊಡ್ಡದಾಗಿತ್ತು. ಕಾರ್ಲ್ ಫಾನ್ ರೊಕಿಟಾನ್ಸ್ಕಿ ಅವರು ಸಾವಿರಾರು ಶವಗಳನ್ನು ಪರೀಕ್ಷಿಸಿ, ರೋಗವು ಅಂಗಾಂಗಗಳಲ್ಲಿ ಉಂಟುಮಾಡುವ ಬದಲಾವಣೆಗಳನ್ನು ವಿವರಿಸುವ ರೋಗಾಂಗರಚನಾಶಾಸ್ತ್ರವನ್ನು ಬೆಳೆಸುತ್ತಿದ್ದರು. ಜೋಸೆಫ್ ಸ್ಕೋಡಾ ಅವರು ಎದೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಆಲಿಸಿ ರೋಗವನ್ನು ನಿರ್ಣಯಿಸುವ ವಿಧಾನವನ್ನು ಭೌತಶಾಸ್ತ್ರದ ಆಧಾರದ ಮೇಲೆ ಕ್ರಮಬದ್ಧಗೊಳಿಸಿದ್ದರು. ಇಬ್ಬರೂ ಊಹೆಗಿಂತ ಕಣ್ಣಿಗೆ ಕಂಡದ್ದಕ್ಕೆ ಬೆಲೆ ಕೊಟ್ಟವರು. ಹೆಬ್ರಾ ಅವರು ಈ ದೃಷ್ಟಿಯನ್ನು ಚರ್ಮದ ಮೇಲೆ ಪ್ರಯೋಗಿಸಿದರು ಎಂದರೆ ಅವರ ಕೆಲಸದ ತಿರುಳು ಹೇಳಿದಂತಾಗುತ್ತದೆ. ಒಳ ಅಂಗಗಳನ್ನು ನೋಡಲು ರೋಗಿ ಸಾಯುವವರೆಗೆ ಕಾಯಬೇಕಾಗಿತ್ತು. ಚರ್ಮವಾದರೋ ದಿನವೂ ಕಣ್ಣೆದುರಿಗೆ ತೆರೆದಿಟ್ಟ ಪುಸ್ತಕವಾಗಿತ್ತು.

ಕಜ್ಜಿ ರೋಗಿಗಳ ವಾರ್ಡು

ಎರಡನೆಯ ಜೋಸೆಫ್ ಚಕ್ರವರ್ತಿಯ ಕಾಲದಲ್ಲಿ, 1784ರಲ್ಲಿ ಸ್ಥಾಪನೆಯಾದ ವಿಯೆನ್ನಾ ಸಾರ್ವಜನಿಕ ಆಸ್ಪತ್ರೆಯಲ್ಲಿ ಚರ್ಮರೋಗಿಗಳಿಗೆ ಗೌರವದ ಸ್ಥಾನವಿರಲಿಲ್ಲ. ಸ್ಕೋಡಾ ಅವರ ಎದೆರೋಗ ವಿಭಾಗಕ್ಕೆ ಅಂಟಿಕೊಂಡಂತೆ ಇದ್ದ ಕೊಠಡಿಗಳಲ್ಲಿ ಅವರನ್ನು ಇರಿಸಲಾಗುತ್ತಿತ್ತು. ಅವರಲ್ಲಿ ಬಹುಪಾಲು ಜನ ಕಜ್ಜಿಯವರು. ಕಸುಬುದಾರರ ಅಂಗಡಿಗಳಲ್ಲಿ ದುಡಿಯುತ್ತ, ರಾತ್ರಿ ಒಂದೇ ಹಾಸಿಗೆಯನ್ನು ಇಬ್ಬರು ಮೂವರು ಹಂಚಿಕೊಂಡು ಮಲಗುತ್ತಿದ್ದ ದರ್ಜಿಗಳು, ಚಮ್ಮಾರರು, ಅವರ ಕೈಕೆಳಗಿನ ಹುಡುಗರು ಇಲ್ಲಿಗೆ ಬರುತ್ತಿದ್ದರು. ಹೃದಯ ಮತ್ತು ಶ್ವಾಸಕೋಶಗಳಲ್ಲಿ ಆಸಕ್ತಿಯಿದ್ದ ಸ್ಕೋಡಾ ಅವರಿಗೆ ಈ ಕೊಠಡಿಗಳು ಬೇಡದ ಹೊರೆಯಾಗಿದ್ದವು. ಅವನ್ನು ನೋಡಿಕೊಳ್ಳುವ ಕೆಲಸವನ್ನು ತಮ್ಮ ಕಿರಿಯ ಸಹಾಯಕರಾದ ಹೆಬ್ರಾ ಅವರಿಗೆ ಒಪ್ಪಿಸಿದರು. ಬೇರೆಯವರು ಇದನ್ನು ಶಿಕ್ಷೆಯೆಂದು ತಿಳಿಯಬಹುದಾಗಿತ್ತು. ಹೆಬ್ರಾ ಅವರಿಗೆ ಮಾತ್ರ ಒಂದೇ ರೋಗದ ನೂರಾರು ರೂಪಗಳನ್ನು ಒಟ್ಟಿಗೆ ನೋಡುವ ಅವಕಾಶ ಅಲ್ಲಿ ದೊರೆಯಿತು. ಮುಂದೆ ಇದೇ ವಿಭಾಗವು ಸ್ವತಂತ್ರವಾಗಿ, 1849ರಲ್ಲಿ ಅವರು ಪ್ರಾಧ್ಯಾಪಕ ಪದವಿಗೆ ಏರಿದರು. ಪೂರ್ಣ ಪ್ರಾಧ್ಯಾಪಕತ್ವ ದೊರೆತದ್ದು ಇಪ್ಪತ್ತು ವರ್ಷಗಳ ನಂತರ, 1869ರಲ್ಲಿ.

ಅಂದಿನ ನಂಬಿಕೆಗಳು

ಹೆಬ್ರಾ ಅವರ ಕೆಲಸದ ಮಹತ್ವವನ್ನು ತಿಳಿಯಬೇಕಾದರೆ ಅವರಿಗಿಂತ ಮೊದಲು ಕಜ್ಜಿಯ ಬಗ್ಗೆ ವೈದ್ಯರು ಏನೆಂದು ತಿಳಿದಿದ್ದರು ಎಂಬುದನ್ನು ನೋಡಬೇಕು. ಕಜ್ಜಿಯ ನುಸಿಯನ್ನು ಮೊದಲು ಕಂಡವರು ಹೆಬ್ರಾ ಅಲ್ಲ. 1687ರಲ್ಲಿಯೇ ಇಟಲಿಯ ಲಿವೊರ್ನೊ ಬಂದರಿನಲ್ಲಿದ್ದ ವೈದ್ಯ ಜೊವಾನಿ ಕೊಸಿಮೊ ಬೊನೊಮೊ ಮತ್ತು ಔಷಧಿ ತಯಾರಕ ಡಿಯಾಚಿಂಟೊ ಚೆಸ್ಟೋನಿ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ಬರೆದು, ರೋಗಕ್ಕೆ ಅದೇ ಕಾರಣವೆಂದು ಪ್ರಕೃತಿವಿಜ್ಞಾನಿ ಫ್ರಾಂಚೆಸ್ಕೊ ರೆಡಿ ಅವರಿಗೆ ಪತ್ರರೂಪದಲ್ಲಿ ತಿಳಿಸಿದ್ದರು. ಅವರಿಗೆ ಈ ವಿಚಾರ ಹೊಳೆದದ್ದು ಬಡ ಹೆಂಗಸರು ತಮ್ಮ ಮಕ್ಕಳ ಕೈಗಳಿಂದ ಸೂಜಿಯ ಮೊನೆಯಲ್ಲಿ ಹುಳುಗಳನ್ನು ಎತ್ತಿ ತೆಗೆಯುತ್ತಿದ್ದುದನ್ನು ಕಂಡಾಗ. ತಾಯಂದಿರಿಗೆ ತಿಳಿದಿದ್ದ ಸಂಗತಿ ವಿದ್ವಾಂಸರ ಗ್ರಂಥಗಳನ್ನು ಸೇರಲಿಲ್ಲ. 1786ರಲ್ಲಿ ಜರ್ಮನಿಯ ವಿಖ್‌ಮಾನ್ ಎಂಬ ವೈದ್ಯರು ಮತ್ತೆ ಇದನ್ನೇ ಹೇಳಿದರೂ ಹೆಚ್ಚಿನ ಫಲ ಕಾಣಲಿಲ್ಲ.

1812ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಗಾಲೆಸ್ ಎಂಬಾತ ನುಸಿಯನ್ನು ಕಂಡುಹಿಡಿದೆನೆಂದು ಪ್ರಬಂಧ ಮಂಡಿಸಿದರು. ಆದರೆ ಆ ಚಿತ್ರದಲ್ಲಿದ್ದುದು ಚೀಸ್‌ನಲ್ಲಿ ಬೆಳೆಯುವ ಬೇರೊಂದು ನುಸಿಯೆಂದು ನಂತರ ರಾಸ್ಪೈಲ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಇದರಿಂದ ನಿಜವಾದ ನುಸಿಯ ಮೇಲೂ ಅಪನಂಬಿಕೆ ಹರಡಿತು. 1834ರಲ್ಲಿ ಕಾರ್ಸಿಕಾ ದ್ವೀಪದಿಂದ ಬಂದಿದ್ದ ರೆನುಚಿ ಎಂಬ ವಿದ್ಯಾರ್ಥಿ, ತನ್ನ ಊರಿನ ಹೆಂಗಸರಿಂದ ಕಲಿತ ಸೂಜಿಯ ವಿದ್ಯೆಯನ್ನು ಅದೇ ಆಸ್ಪತ್ರೆಯಲ್ಲಿ ಎಲ್ಲರೆದುರು ಪ್ರದರ್ಶಿಸಿದನು. ವೈದ್ಯರು ಹುಳುವನ್ನು ಗುಳ್ಳೆಯ ಒಳಗೆ ಹುಡುಕುತ್ತಿದ್ದರು. ಹುಳುವಿದ್ದುದು ಅದರಿಂದ ಸ್ವಲ್ಪ ದೂರದಲ್ಲಿ, ಬಿಲದ ತುದಿಯಲ್ಲಿ.

ಇಷ್ಟಾದ ಮೇಲೂ ವಾದ ಮುಗಿಯಲಿಲ್ಲ. ನುಸಿಯಿರುವುದನ್ನು ಒಪ್ಪಿದವರು ಕೂಡ ಅದು ರೋಗದ ಕಾರಣವಲ್ಲ, ರೋಗದಿಂದ ಕೆಟ್ಟ ಚರ್ಮದಲ್ಲಿ ಹುಟ್ಟುವ ಫಲ ಎಂದರು. ದೇಹದಲ್ಲಿನ ಕೆಟ್ಟ ರಸಗಳು ಚರ್ಮದ ಮೂಲಕ ಹೊರಬರುವುದೇ ಕಜ್ಜಿ, ಆದ್ದರಿಂದ ಲೇಪ ಹಚ್ಚಿ ಅದನ್ನು ಬೇಗ ಅಡಗಿಸಿದರೆ ವಿಷವು ಒಳಗೆ ತಿರುಗಿ ಕ್ಷಯ, ಮೂರ್ಛೆ, ಹುಚ್ಚು ಮುಂತಾದವುಗಳನ್ನು ಉಂಟುಮಾಡುತ್ತದೆ ಎಂಬ ಭಯ ಬಲವಾಗಿತ್ತು. ಟ್ಯೂಬಿಂಗೆನ್ನಿನ ಔಟೆನ್‌ರೀಟ್ ಇಂಥ ಅನಾಹುತಗಳ ಬಗ್ಗೆ ಬರೆದಿದ್ದರು. ಹೋಮಿಯೋಪತಿಯ ಸ್ಥಾಪಕ ಹಾನೆಮನ್ 1828ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಹುತೇಕ ದೀರ್ಘರೋಗಗಳಿಗೆ ಒಳಗೆ ಅಡಗಿದ ಕಜ್ಜಿಯ ದೋಷವೇ ಮೂಲವೆಂದು ಪ್ರತಿಪಾದಿಸಿದರು. ನಮ್ಮ ಹಳ್ಳಿಗಳಲ್ಲಿಯೂ ಕಜ್ಜಿಯನ್ನು ರಕ್ತ ಕೆಟ್ಟದ್ದರ ಗುರುತೆಂದು ಹೇಳುವ ರೂಢಿ ಇತ್ತೀಚಿನವರೆಗೂ ಇದ್ದುದನ್ನು ನೆನೆದರೆ, ಈ ನಂಬಿಕೆ ಎಷ್ಟು ಸಹಜವಾದುದೆಂಬುದು ಅರಿವಾಗುತ್ತದೆ. ಆದರೆ ಅದರ ಬೆಲೆಯನ್ನು ತೆತ್ತವರು ರೋಗಿಗಳು. ರಕ್ತ ತೆಗೆಯುವುದು, ಭೇದಿ ಮಾಡಿಸುವುದು, ವಾರಗಟ್ಟಲೆ ಪಥ್ಯ ಇವುಗಳ ನಡುವೆ ಅವರು ತುರಿಸಿಕೊಳ್ಳುತ್ತಲೇ ಇದ್ದು, ಪಕ್ಕದವರಿಗೂ ರೋಗವನ್ನು ಹಂಚುತ್ತಿದ್ದರು.

ಕಜ್ಜಿಯ ಮೇಲಿನ ಪ್ರಯೋಗಗಳು

ಹೆಬ್ರಾ ಅವರು ತಮ್ಮ ವಾರ್ಡಿನ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಬೆರಳ ಸಂದು, ಮಣಿಕಟ್ಟು ಮೊದಲಾದ ಕಡೆಗಳಲ್ಲಿ ಕೂದಲೆಳೆಯಷ್ಟು ತೆಳ್ಳಗಿನ, ಸ್ವಲ್ಪ ಡೊಂಕಾದ ಗೆರೆಯಂತೆ ಕಾಣುವ ಬಿಲವನ್ನು ಗುರುತಿಸಿ, ಅದರ ಕೊನೆಯಲ್ಲಿ ಬಿಳಿಯ ಚುಕ್ಕೆಯಂತಿರುವ ಹೆಣ್ಣು ನುಸಿಯನ್ನು ಸೂಜಿಯಿಂದ ಎತ್ತಿ ತೆಗೆದರು. ಹೆಣ್ಣು ನುಸಿಯ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಒಳ್ಳೆಯ ದೃಷ್ಟಿಯುಳ್ಳವರ ಬರಿಗಣ್ಣಿಗೆ ಅದು ಚುಕ್ಕೆಯಾಗಿ ಮಾತ್ರ ತೋರುತ್ತದೆ.

ಬಳಿಕ ಅವರು ಈ ನುಸಿಗಳನ್ನು ಆರೋಗ್ಯವಂತ ಚರ್ಮದ ಮೇಲೆ, ತಮ್ಮ ಸ್ವಂತ ಚರ್ಮದ ಮೇಲೂ, ಬಿಟ್ಟು ನೋಡಿದರು. ನುಸಿ ಬಿಲ ತೋಡಿತು, ತುರಿಕೆ ಬಂದಿತು, ಕಜ್ಜಿಯ ಎಲ್ಲ ಲಕ್ಷಣಗಳೂ ಕಾಣಿಸಿಕೊಂಡವು. ಒಳಗಿನ ಯಾವ ರಸದೋಷವೂ ಇಲ್ಲದ ವ್ಯಕ್ತಿಗೂ ನುಸಿಯೊಂದೇ ಸಾಕು ಎಂಬುದು ಇದರಿಂದ ಸಿದ್ಧವಾಯಿತು. ಇನ್ನೊಂದು ಕಡೆಯಿಂದ, ನುಸಿಯನ್ನು ಕೊಲ್ಲುವ ಲೇಪವನ್ನು ಹಚ್ಚಿ ಬೇಗನೆ ಗುಣಪಡಿಸಿದ ರೋಗಿಗಳಲ್ಲಿ ಯಾರಿಗೂ ಕಜ್ಜಿ ಒಳಗೆ ತಿರುಗಿದ ಲಕ್ಷಣ ಕಾಣಲಿಲ್ಲ. ನೂರಾರು ಹಾಸಿಗೆಗಳ ಅನುಭವದ ಮುಂದೆ ಹಳೆಯ ಭಯ ನಿಲ್ಲಲಾರದಾಯಿತು.

ಮೂರನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. ನುಸಿಗಳಿರುವುದು ಕೈ, ಮಣಿಕಟ್ಟು ಮುಂತಾದ ಕೆಲವೇ ಕಡೆ; ಆದರೆ ಗುಳ್ಳೆ, ಗಾಯ, ಹಕ್ಕಳೆಗಳು ತೊಡೆ ಹೊಟ್ಟೆಗಳ ಮೇಲೂ ಇರುತ್ತವೆ. ನುಸಿಯಿಲ್ಲದ ಕಡೆ ಕಜ್ಜಿ ಹೇಗೆ? ವಿರೋಧಿಗಳ ಬಲವಾದ ವಾದ ಇದಾಗಿತ್ತು. ಹೆಬ್ರಾ ಅವರ ಉತ್ತರ ಸರಳವಾಗಿತ್ತು: ಉಗುರು. ತುರಿಕೆಯನ್ನು ತಾಳಲಾರದೆ ಮನುಷ್ಯ ತುರಿಸಿಕೊಳ್ಳುವ ಜಾಗಗಳಲ್ಲೆಲ್ಲ ಚರ್ಮ ಕೆರಳಿ ಗಾಯವಾಗುತ್ತದೆ. ಇದನ್ನು ಪರೀಕ್ಷಿಸಲು ಅವರು ಜಾಪಾಳದ ಎಣ್ಣೆಯಂತಹ ಉರಿಯುಂಟುಮಾಡುವ ವಸ್ತುಗಳನ್ನು ಆರೋಗ್ಯವಂತ ಚರ್ಮಕ್ಕೆ ಉಜ್ಜಿ, ಕೇವಲ ಹೊರಗಿನ ಕೆರಳಿಕೆಯಿಂದಲೇ ಇಸಬು, ಅಂದರೆ ಎಕ್ಸಿಮಾ, ಬರುವುದನ್ನು ತೋರಿಸಿದರು. ಹೀಗೆ ಕಜ್ಜಿಯ ವಿಚಾರದಿಂದ ಹೊರಟ ದಾರಿ ಅವರನ್ನು ಇಸುಬಿನ ವಿಚಾರಕ್ಕೆ ಕರೆದೊಯ್ದಿತು. ಈ ಅಧ್ಯಯನಗಳ ಫಲವಾಗಿ ಕಜ್ಜಿಯನ್ನು ಕುರಿತ ಅವರ ಪ್ರಬಂಧ 1844ರಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಇನ್ನೂ 28 ತುಂಬಿರಲಿಲ್ಲ ಅಥವಾ ಆಗತಾನೆ ತುಂಬಿತ್ತು.

ನಾರ್ವೆಯಲ್ಲಿ ಕುಷ್ಠರೋಗದ ಅಧ್ಯಯನ ನಡೆಸುತ್ತಿದ್ದ ಡೇನಿಯಲ್‌ಸನ್ ಮತ್ತು ಬೋಕ್ ಎಂಬ ವೈದ್ಯರು 1848ರಲ್ಲಿ ದಪ್ಪ ಹಕ್ಕಳೆಗಳಿಂದ ಕೂಡಿದ, ಲೆಕ್ಕವಿಲ್ಲದಷ್ಟು ನುಸಿಗಳಿರುವ ಉಗ್ರ ರೂಪದ ಕಜ್ಜಿಯನ್ನು ವರ್ಣಿಸಿದ್ದರು. ಅದಕ್ಕೆ ನಾರ್ವೆ ಕಜ್ಜಿ ಎಂಬ ಹೆಸರನ್ನು 1862ರಲ್ಲಿ ಕೊಟ್ಟವರು ಹೆಬ್ರಾ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಮುದುಕರಲ್ಲಿ ಕಾಣುವ ಈ ರೂಪವನ್ನು ಈಗ ಹಕ್ಕಳೆಗಜ್ಜಿ ಎನ್ನುವ ಅರ್ಥದ ಹೆಸರಿನಿಂದ ಕರೆಯುವುದು ವಾಡಿಕೆ. ಒಂದು ದೇಶದ ಹೆಸರನ್ನು ರೋಗಕ್ಕೆ ಅಂಟಿಸುವುದು ಸರಿಯಲ್ಲವೆಂಬ ಅಭಿಪ್ರಾಯ ಬೆಳೆದಿದೆ.

ಚಿಕಿತ್ಸೆ ಮತ್ತು ತಡೆ

ಕಾರಣ ತಿಳಿದ ಮೇಲೆ ಚಿಕಿತ್ಸೆ ಸುಲಭವಾಯಿತು. ಹುಳುವನ್ನು ಕೊಲ್ಲಬೇಕು, ಅಷ್ಟೆ. ಗಂಧಕವು ಕಜ್ಜಿಗೆ ಒಳ್ಳೆಯದೆಂಬುದು ಪ್ರಾಚೀನ ಕಾಲದಿಂದ ಯುರೋಪಿನಲ್ಲಿಯೂ ಭಾರತದಲ್ಲಿಯೂ ತಿಳಿದಿದ್ದ ಸಂಗತಿ. ಹೆಬ್ರಾ ಅವರು ವಿಲ್ಕಿನ್‌ಸನ್ ಲೇಪವೆಂದು ಹೆಸರಾಗಿದ್ದ ಔಷಧವನ್ನು ಮಾರ್ಪಡಿಸಿ, ಗಂಧಕ, ಮರದ ಡಾಮರು, ಮೆತುಸಾಬೂನು, ಹಂದಿಯ ಕೊಬ್ಬು ಮತ್ತು ಸೀಮೆಸುಣ್ಣದ ಪುಡಿಗಳನ್ನು ಬೆರೆಸಿದ ಲೇಪವನ್ನು ಬಳಕೆಗೆ ತಂದರು. ಸಾಬೂನು ಚರ್ಮದ ಮೇಲ್ಪದರವನ್ನು ಮೆತ್ತಗಾಗಿಸಿ ಬಿಲಗಳನ್ನು ತೆರೆಯುತ್ತದೆ, ಸುಣ್ಣದ ಪುಡಿ ಉಜ್ಜಲು ಸಹಾಯಕ, ಗಂಧಕ ನುಸಿಯನ್ನು ಕೊಲ್ಲುತ್ತದೆ, ಡಾಮರು ತುರಿಕೆಯನ್ನು ತಗ್ಗಿಸುತ್ತದೆ. ವಾಸನೆಯಂತೂ ಸಹಿಸುವುದು ಕಷ್ಟ. ಆದರೂ ಈ ಲೇಪ ಅವರ ಹೆಸರಿನೊಂದಿಗೆ ಬಹುಕಾಲ ಔಷಧಸೂಚಿಗಳಲ್ಲಿ ಉಳಿಯಿತು. ಅದೇ ಕಾಲದಲ್ಲಿ ಬೆಲ್ಜಿಯಂ ಸೈನ್ಯದಲ್ಲಿ ಸುಣ್ಣ ಮತ್ತು ಗಂಧಕವನ್ನು ನೀರಿನಲ್ಲಿ ಕುದಿಸಿದ ದ್ರಾವಣ ಪ್ರಚಾರದಲ್ಲಿತ್ತು. ಪ್ಯಾರಿಸ್ಸಿನಲ್ಲಿ ಬಾಜಾಂ ಅವರು ಇಡೀ ಮೈಗೆ ಲೇಪ ಉಜ್ಜುವುದನ್ನು ಆರಂಭಿಸಿದರು. ಆರ್ಡಿ ಅವರು ಸ್ನಾನ ಮತ್ತು ಲೇಪಗಳನ್ನು ಕೂಡಿಸಿ ಚಿಕಿತ್ಸೆಯ ಅವಧಿಯನ್ನು ಸುಮಾರು ಎರಡು ಗಂಟೆಗಳಿಗೆ ಇಳಿಸಿದರು. ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಗಿದ್ದ ಕೂಲಿಗಾರನೊಬ್ಬ ಅದೇ ದಿನ ಮನೆಗೆ ಹೋಗುವಂತಾದದ್ದು ಸಣ್ಣ ಬದಲಾವಣೆಯಲ್ಲ.

ರೋಗ ಹೇಗೆ ಹರಡುತ್ತದೆ ಎಂಬ ವಿಷಯದಲ್ಲಿಯೂ ಹೆಬ್ರಾ ಅವರ ಗಮನಿಕೆ ಚುರುಕಾಗಿತ್ತು. ಬಹುಹೊತ್ತು ಮೈಗೆ ಮೈ ತಾಗುವಂತೆ ಒಂದೇ ಹಾಸಿಗೆಯಲ್ಲಿ ಮಲಗುವುದೇ ಮುಖ್ಯ ದಾರಿ ಎಂದು ಅವರು ಕಂಡುಕೊಂಡಿದ್ದರು. ರೋಗಿಗಳನ್ನು ದಿನವೂ ಮುಟ್ಟುವ ವೈದ್ಯರಿಗೆ ಅದು ಅಪರೂಪವಾಗಿ ತಗಲುತ್ತಿದ್ದುದು ಇದಕ್ಕೆ ಸಾಕ್ಷಿಯಾಗಿತ್ತು. ಸುಮಾರು ನೂರು ವರ್ಷಗಳ ನಂತರ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಕೆನೆತ್ ಮೆಲನ್‌ಬಿ ಎಂಬ ಕೀಟವಿಜ್ಞಾನಿ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳು ಇದೇ ಮಾತನ್ನು ದೃಢಪಡಿಸಿದವು. ರೋಗಿಗಳು ಹೊದ್ದ ಕಂಬಳಿ, ತೊಟ್ಟ ಒಳಉಡುಪುಗಳಿಂದ ರೋಗ ತಗಲುವುದು ಬಲು ಅಪರೂಪವೆಂದೂ, ಸಾಮಾನ್ಯ ರೋಗಿಯ ಮೈಮೇಲೆ ಇರುವ ಹೆಣ್ಣು ನುಸಿಗಳ ಸಂಖ್ಯೆ ಹತ್ತು ಹನ್ನೆರಡರ ಸುತ್ತಮುತ್ತ ಮಾತ್ರವೆಂದೂ ಮೆಲನ್‌ಬಿ ತೋರಿಸಿದರು. ಮೊದಲ ಸಲ ನುಸಿ ತಗಲಿದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಎರಡನೆಯ ಸಲ ಕೆಲವೇ ದಿನ ಸಾಕು. ತುರಿಕೆಯಿಲ್ಲದ ಆ ಮೊದಲ ವಾರಗಳಲ್ಲಿಯೂ ವ್ಯಕ್ತಿ ರೋಗವನ್ನು ಹರಡಬಲ್ಲ. ಮನೆಯಲ್ಲಿ ಒಬ್ಬರಿಗೆ ಕಜ್ಜಿ ಕಂಡರೆ ತುರಿಕೆಯಿಲ್ಲದವರೂ ಸೇರಿ ಎಲ್ಲರೂ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕೆಂದು ಇಂದಿನ ವೈದ್ಯರು ಒತ್ತಿ ಹೇಳುವುದು ಇದೇ ಕಾರಣದಿಂದ.

ವರ್ಗೀಕರಣ ಮತ್ತು ಗ್ರಂಥಗಳು

1845ರಲ್ಲಿ ಹೆಬ್ರಾ ಅವರು ಚರ್ಮರೋಗಗಳ ಹೊಸ ವರ್ಗೀಕರಣವನ್ನು ಪ್ರಕಟಿಸಿದರು. ಅದಕ್ಕೆ ಮೊದಲು ವಿಯೆನ್ನಾದ ಪ್ಲೆಂಕ್ ಮತ್ತು ಲಂಡನ್ನಿನ ವಿಲನ್ ಅವರು ಗುಳ್ಳೆ, ಬೊಕ್ಕೆ, ಹೊಪ್ಪಳೆ ಎಂದು ಹೊರನೋಟದ ಆಧಾರದಿಂದ ವಿಂಗಡಿಸಿದ್ದರು. ಹೆಬ್ರಾ ಅವರು ರೊಕಿಟಾನ್ಸ್ಕಿ ಅವರ ತತ್ತ್ವವನ್ನು ಅನುಸರಿಸಿ, ಚರ್ಮದ ಅಂಗಾಂಶದಲ್ಲಿ ಆಗುವ ಬದಲಾವಣೆಯ ಮೇಲೆ 12 ವರ್ಗಗಳನ್ನು ಮಾಡಿದರು. ರಕ್ತಸಂಚಯ, ರಕ್ತಹೀನತೆ, ಗ್ರಂಥಿಸ್ರಾವದ ದೋಷ, ಉರಿಯೂತ, ರಕ್ತಸ್ರಾವ, ಅತಿಬೆಳವಣಿಗೆ, ಕ್ಷಯಿಸುವಿಕೆ, ಗಡ್ಡೆಗಳು, ಹುಣ್ಣುಗಳು ಮುಂತಾಗಿ ಸಾಗುವ ಈ ಪಟ್ಟಿಯ ಕೊನೆಯ ವರ್ಗ ಪರೋಪಜೀವಿಗಳಿಂದ ಬರುವ ರೋಗಗಳದು. ಕಜ್ಜಿಗೆ ಅಲ್ಲಿ ತನ್ನ ಸರಿಯಾದ ಜಾಗ ದೊರೆಯಿತು.

ಅವರ ಚರ್ಮರೋಗಗಳ ಚಿತ್ರಸಂಪುಟ 1856ರಿಂದ 1876ರವರೆಗೆ ಕಂತುಗಳಲ್ಲಿ ಹೊರಬಂದಿತು. ಆಂಟನ್ ಎಲ್ಫಿಂಗರ್ ಮತ್ತು ಕಾರ್ಲ್ ಹೈಟ್ಸ್‌ಮಾನ್ ಎಂಬ ಇಬ್ಬರು ವೈದ್ಯ ಚಿತ್ರಕಾರರು ರೋಗಿಗಳನ್ನು ಎದುರಿಗಿಟ್ಟುಕೊಂಡು ನಿಜ ಅಳತೆಯಲ್ಲಿ ಬರೆದ ಬಣ್ಣದ ಚಿತ್ರಗಳು ಅದರಲ್ಲಿವೆ. ಛಾಯಾಚಿತ್ರಕ್ಕೆ ಬಣ್ಣ ಬಾರದಿದ್ದ ಕಾಲದಲ್ಲಿ ದೂರದ ಊರುಗಳ ವೈದ್ಯರಿಗೆ ಇದು ವಿಯೆನ್ನಾದ ವಾರ್ಡನ್ನೇ ಮನೆಗೆ ತಂದುಕೊಟ್ಟಂತಿತ್ತು. ವಿರ್ಖೋ ಅವರ ಸಂಪಾದಕತ್ವದ ವೈದ್ಯಗ್ರಂಥಮಾಲೆಗಾಗಿ ಬರೆಯಲಾರಂಭಿಸಿದ ಪಠ್ಯಗ್ರಂಥವನ್ನು ಶಿಷ್ಯ ಮೊರಿಟ್ಜ್ ಕಪೋಸಿ ಅವರ ಜೊತೆಗೂಡಿ ಮುಗಿಸಿದರು. ಇದು ಇಂಗ್ಲಿಷಿಗೆ ಐದು ಸಂಪುಟಗಳಲ್ಲಿ ಅನುವಾದವಾಯಿತು. ಎರಿತೀಮಾ ಮಲ್ಟಿಫಾರ್ಮೆ, ಪ್ರುರಿಗೊ, ಬಾಣಂತಿ ಮತ್ತು ಗರ್ಭಿಣಿಯರಲ್ಲಿ ಕಂಡ ಇಂಪೆಟೈಗೊ ಹರ್ಪೆಟಿಫಾರ್ಮಿಸ್, ಮೂಗನ್ನು ಕಲ್ಲಿನಂತೆ ಗಟ್ಟಿಯಾಗಿಸುವ ರೈನೋಸ್ಕ್ಲಿರೋಮಾ ಮೊದಲಾದ ರೋಗಗಳ ಸ್ಪಷ್ಟ ವರ್ಣನೆಗಳು ಹೆಬ್ರಾ ಅವರಿಂದ ಬಂದವು. ಸುಟ್ಟಗಾಯದವರನ್ನೂ ಮೈತುಂಬ ಬೊಬ್ಬೆಯೆದ್ದವರನ್ನೂ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ದಿನಗಟ್ಟಲೆ, ವಾರಗಟ್ಟಲೆ ಮಲಗಿಸುವ ನಿರಂತರ ಸ್ನಾನದ ವ್ಯವಸ್ಥೆಯನ್ನೂ ಅವರು ರೂಪಿಸಿದರು. ರೋಗಿ ಅಲ್ಲಿಯೇ ಉಂಡು ಅಲ್ಲಿಯೇ ನಿದ್ರಿಸುತ್ತಿದ್ದನು.

ಗುರುವಾಗಿ ಹೆಬ್ರಾ

ಹೆಬ್ರಾ ಅವರ ತರಗತಿಗಳು ಯುರೋಪಿನಲ್ಲೆಲ್ಲ ಹೆಸರಾಗಿದ್ದವು. ಅವರದು ಹಾಸ್ಯಪ್ರವೃತ್ತಿ. ರೋಗಿಯನ್ನು ಒಂದು ಮಾತೂ ಕೇಳದೆ ಅವನ ಚರ್ಮವನ್ನಷ್ಟೇ ನೋಡಿ, ಕೈಯ ಜಡ್ಡು, ಕಲೆ, ತುರಿಸಿದ ಗುರುತುಗಳಿಂದ ಅವನ ಕಸುಬನ್ನೂ ಅಭ್ಯಾಸಗಳನ್ನೂ ಹೇಳಿ ವಿದ್ಯಾರ್ಥಿಗಳನ್ನು ಬೆರಗುಗೊಳಿಸುತ್ತಿದ್ದರು. ಇದರಲ್ಲಿ ಪ್ರದರ್ಶನದ ಅಂಶವೂ ಇದ್ದಿರಬೇಕು, ಆದರೆ ಪಾಠ ನಿಜವಾದುದೇ ಆಗಿತ್ತು: ಮೊದಲು ನೋಡು, ಆಮೇಲೆ ಕೇಳು. ಕಪೋಸಿ, ಐಸಿಡೋರ್ ನಾಯ್ಮಾನ್, ಹೈನ್ರಿಕ್ ಔಸ್ಪಿಟ್ಸ್, ಫಿಲಿಪ್ ಯೋಸೆಫ್ ಪಿಕ್ ಅವರ ಪ್ರಮುಖ ಶಿಷ್ಯರು. ಅಮೆರಿಕದಿಂದ ಬಂದು ಕಲಿತ ಜೇಮ್ಸ್ ವೈಟ್, ಲೂಯಿ ಡೂರಿಂಗ್ ಮೊದಲಾದವರು ತಮ್ಮ ದೇಶದಲ್ಲಿ ಚರ್ಮರೋಗಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಹಂಗೇರಿಯ ಬಡ ಯಹೂದಿ ಕುಟುಂಬದಲ್ಲಿ ಮೊರಿಟ್ಜ್ ಕೋನ್ ಎಂಬ ಹೆಸರಿನಿಂದ ಹುಟ್ಟಿದ್ದ ಕಪೋಸಿ, ಹೆಬ್ರಾ ಅವರ ಮಗಳು ಮಾರ್ತಾಳನ್ನು ವಿವಾಹವಾಗಿ ಅಳಿಯನೂ ಆದರು. ಮಗ ಹಾನ್ಸ್ ಫಾನ್ ಹೆಬ್ರಾ ಕೂಡ ಚರ್ಮವೈದ್ಯರಾದರು.

ಸೆಮ್ಮೆಲ್‌ವೈಸ್ ಮತ್ತು ಹೆಬ್ರಾ

ವಿಯೆನ್ನಾ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕರಾಗಿದ್ದ ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್ 1847ರ ಮೇ ತಿಂಗಳಲ್ಲಿ, ಶವಪರೀಕ್ಷೆ ಮಾಡಿದ ವೈದ್ಯರು ಹೆರಿಗೆ ಕೋಣೆಗೆ ಬರುವ ಮುನ್ನ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ನಿಯಮವನ್ನು ತಂದರು. ಏಪ್ರಿಲ್‌ನಲ್ಲಿ ಶೇಕಡ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ವೇಳೆಗೆ ಶೇಕಡ 2ರ ಸಮೀಪಕ್ಕೆ ಇಳಿಯಿತು. ಸೆಮ್ಮೆಲ್‌ವೈಸ್‌ಗೆ ಬರೆಯುವುದೆಂದರೆ ಹಿಂಜರಿಕೆ. ವಿಯೆನ್ನಾ ವೈದ್ಯಸಂಘದ ಪತ್ರಿಕೆಯ ಸಂಪಾದಕರಾಗಿದ್ದ ಹೆಬ್ರಾ, ಗೆಳೆಯನ ಪರವಾಗಿ 1847ರ ಡಿಸೆಂಬರ್‌ನಲ್ಲಿ ಮತ್ತು 1848ರ ಏಪ್ರಿಲ್‌ನಲ್ಲಿ ಈ ಶೋಧವನ್ನು ಮೊದಲಬಾರಿಗೆ ಜಗತ್ತಿಗೆ ತಿಳಿಸಿದರು. ಜೆನ್ನರ್ ಅವರ ಸಿಡುಬಿನ ಲಸಿಕೆಗೆ ಸಮನಾದ ಮಹತ್ವ ಇದಕ್ಕಿದೆ ಎಂದು ಅವರು ಅದರಲ್ಲಿ ಅಭಿಪ್ರಾಯಪಟ್ಟಿದ್ದರು. ಕಣ್ಣಿಗೆ ಕಾಣದ ವಸ್ತುವೊಂದು ಮುಟ್ಟುವುದರಿಂದ ಹರಡಿ ರೋಗವನ್ನು ತರಬಲ್ಲದು ಎಂಬ ಮಾತನ್ನು ಕಜ್ಜಿಯ ಅನುಭವವಿದ್ದ ಹೆಬ್ರಾ ಅವರು ಇತರರಿಗಿಂತ ಬೇಗ ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ.

ಹಿರಿಯ ವೈದ್ಯರ ವಿರೋಧದಿಂದ ಬೇಸತ್ತ ಸೆಮ್ಮೆಲ್‌ವೈಸ್ 1850ರಲ್ಲಿ ಮಿತ್ರರಿಗೂ ಹೇಳದೆ ವಿಯೆನ್ನಾವನ್ನು ಬಿಟ್ಟು ಪೆಸ್ಟ್ ನಗರಕ್ಕೆ ಹೋದರು. 1865ರ ಬೇಸಿಗೆಯ ವೇಳೆಗೆ ಅವರ ಮನಸ್ಸಿನ ಸ್ಥಿತಿ ಕೆಟ್ಟಿತ್ತು. ಅಲ್ಲಿನ ವೈದ್ಯರು ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ತೀರ್ಮಾನಿಸಿದರು. ಜುಲೈ ಕೊನೆಯಲ್ಲಿ ಅವರನ್ನು ವಿಯೆನ್ನಾಕ್ಕೆ ಕರೆತಂದಾಗ ಹೆಬ್ರಾ ಬರಮಾಡಿಕೊಂಡು, ತಮ್ಮ ಹೊಸ ಚಿಕಿತ್ಸಾಲಯವನ್ನು ತೋರಿಸುವ ನೆಪ ಹೇಳಿ ಹುಚ್ಚಾಸ್ಪತ್ರೆಗೆ ಕರೆದೊಯ್ದರು. ವಿಷಯ ತಿಳಿದು ಹೊರಗೆ ಹೋಗಲು ಯತ್ನಿಸಿದ ಸೆಮ್ಮೆಲ್‌ವೈಸ್‌ರನ್ನು ಕಾವಲುಗಾರರು ಬಲವಂತದಿಂದ ತಡೆದು ಕಟ್ಟಿಹಾಕಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವೊಂದು ನಂಜೇರಿ ಅವರು ತೀರಿಕೊಂಡರು, ವಯಸ್ಸು 47. ಹೆಬ್ರಾ ಅವರದು ದ್ರೋಹವೆಂದು ಕೆಲವರು, ಕುಟುಂಬದ ಮತ್ತು ಸಹವೈದ್ಯರ ಕೋರಿಕೆಯಂತೆ ಮಿತ್ರನಿಗಾಗಿ ಮಾಡಿದ ಕಹಿ ಕರ್ತವ್ಯವೆಂದು ಕೆಲವರು ಬರೆದಿದ್ದಾರೆ. ಹದಿನೆಂಟು ವರ್ಷಗಳ ಹಿಂದೆ ಅದೇ ಕೈ ಬರೆದ ಲೇಖನಗಳನ್ನು ಮರೆತು ತೀರ್ಪು ಕೊಡುವುದು ನ್ಯಾಯವಾಗಲಾರದು. ಆ ನೆಪದ ಮಾತನ್ನು ಮರೆಯುವುದೂ ಸಾಧ್ಯವಿಲ್ಲ.

ಟೀಕೆಗಳು

ಹೆಬ್ರಾ ಅವರ ದೃಷ್ಟಿಗೆ ಅದರದೇ ಮಿತಿಗಳಿದ್ದವು. ಹೊರಗಿನ ಕಾರಣಗಳಿಗೆ ಒತ್ತುಕೊಟ್ಟ ಅವರು ಚರ್ಮಕ್ಕೂ ಒಳದೇಹಕ್ಕೂ ಇರುವ ಸಂಬಂಧವನ್ನು ಕಡೆಗಣಿಸಿದರೆಂದು ಫ್ರೆಂಚ್ ವೈದ್ಯರು ಆಕ್ಷೇಪಿಸಿದರು. ಇಸುಬಿನ ವಿಷಯದಲ್ಲಿ ಈ ಆಕ್ಷೇಪ ತಕ್ಕಮಟ್ಟಿಗೆ ಸರಿ. ಹುಟ್ಟಿನಿಂದ ಬರುವ ಒಲವು, ಅಲರ್ಜಿ ಮುಂತಾದವು ಅದರಲ್ಲಿ ಪಾತ್ರ ವಹಿಸುತ್ತವೆಂದು ಈಗ ತಿಳಿದಿದೆ. ಕಜ್ಜಿಯಲ್ಲಿಯೂ ತುರಿಕೆ ಬರುವುದು ನುಸಿ, ಅದರ ಮೊಟ್ಟೆ ಮತ್ತು ಮಲಗಳಿಗೆ ದೇಹ ತೋರುವ ಪ್ರತಿಕ್ರಿಯೆಯಿಂದ. ಅದು ಹೆಬ್ರಾ ಅವರ ಕಾಲಕ್ಕೆ ತಿಳಿಯುವಂತಿರಲಿಲ್ಲ.

ಕೊನೆಯ ವರ್ಷಗಳು

1870ರ ದಶಕದಲ್ಲಿ ಅವರಿಗೆ ರಾಜಮನ್ನಣೆಯಾಗಿ ರಿಟರ್ ಎಂಬ ಕುಲೀನ ಬಿರುದು ದೊರೆಯಿತು. 1880ರ ಆಗಸ್ಟ್ 5ರಂದು ವಿಯೆನ್ನಾದಲ್ಲಿ ನಿಧನರಾದರು. ಮರುವರ್ಷ ಕಪೋಸಿ ಅವರ ಸ್ಥಾನಕ್ಕೆ ಬಂದರು.

ನಂತರದ ಕಾಲದಲ್ಲಿ ಕಜ್ಜಿ

ಹೆಬ್ರಾ ಅವರ ಗಂಧಕದ ಲೇಪದ ಜಾಗಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಬೆಂಜೈಲ್ ಬೆಂಜೊಯೇಟ್, ಅನಂತರ ಪರ್ಮೆಥ್ರಿನ್ ಬಂದವು. ಶೇಕಡ 5ರ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರಿನ ಕೆಳಗು, ಹೊಕ್ಕುಳು, ಗುಹ್ಯಾಂಗಗಳನ್ನು ಬಿಡದೆ ಹಚ್ಚಿ, 8ರಿಂದ 14 ಗಂಟೆಗಳ ನಂತರ ತೊಳೆದು, ಒಂದು ವಾರದ ಮೇಲೆ ಮತ್ತೊಮ್ಮೆ ಹಚ್ಚುವುದು ರೂಢಿ. ಎಳೆಯ ಮಕ್ಕಳಿಗೆ ತಲೆಗೂ ಮುಖಕ್ಕೂ ಹಚ್ಚಬೇಕಾಗುವುದರಿಂದ ವೈದ್ಯರ ಸಲಹೆ ಅವಶ್ಯಕ. ಐವರ್ಮೆಕ್ಟಿನ್ ಮಾತ್ರೆಯೂ ಬಳಕೆಯಲ್ಲಿದೆ. ಗಂಧಕದ ಮುಲಾಮು ಪೂರ್ತಿ ಮರೆಯಾಗಿಲ್ಲ. ಹಸುಗೂಸುಗಳಿಗೂ ಗರ್ಭಿಣಿಯರಿಗೂ ಈಗಲೂ ಅದನ್ನು ಕೊಡುವುದುಂಟು. ಮನುಷ್ಯನ ಮೈಯಿಂದ ಬೇರ್ಪಟ್ಟ ನುಸಿ ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕದು. ಆದುದರಿಂದ ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿದರೆ, ಒಗೆಯಲಾಗದವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಇಟ್ಟರೆ ಸಾಕು. ನುಸಿಗಳೆಲ್ಲ ಸತ್ತ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ ಉಳಿಯುತ್ತದೆ. ಔಷಧ ಫಲಿಸಲಿಲ್ಲವೆಂದು ಭಾವಿಸಿ ಅದನ್ನೇ ಮತ್ತೆ ಮತ್ತೆ ಹಚ್ಚಿದರೆ ಚರ್ಮ ಕೆರಳಿ ಹೊಸ ಇಸುಬು ಏಳುತ್ತದೆ, ಹೆಬ್ರಾ ಅವರು ಜಾಪಾಳದ ಎಣ್ಣೆಯಿಂದ ತೋರಿಸಿದಂತೆಯೇ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ಕಂಕುಳು, ಮೊಣಕೈ ಮಡಿಕೆ, ಮಣಿಕಟ್ಟು, ಕೈಗಳು ಮತ್ತು ತೊಡೆಸಂದುಗಳನ್ನು ಸೇರಿಸಿ ಎಳೆದ, ಕಜ್ಜಿಯ ಗಾಯಗಳು ಹೆಚ್ಚಾಗಿ ಕಾಣಿಸಿಕೊಳ್ಳುವ ಕಾಲ್ಪನಿಕ ವೃತ್ತಕ್ಕೆ ಹೆಬ್ರಾ ವೃತ್ತ ಎಂದು ಹೆಸರು. ಭಾರತದ ವೈದ್ಯಕೀಯ ವಿದ್ಯಾರ್ಥಿಗಳ ಪಠ್ಯಗಳಲ್ಲಿ ಅವರ ಹೆಸರು ಇಂದಿಗೂ ಈ ರೂಪದಲ್ಲಿ ಬರುತ್ತದೆ.